ಆ್ಯಪ್ ಕ್ಲೋಸ್ ಮಾಡೋ ಚಟ: ಅಪ್ಪನ ಟ್ಯಾಬ್‌ನಲ್ಲಿ ಗಂಟೆ ಯಾಕೆ ಹೊಡೀಲಿಲ್ಲ?



ಮಾತು ಶುರು ಮಾಡೋ ಮೊದಲು ಒಂದು ಸಣ್ಣ ಪ್ರಶ್ನೆ. ಫೋನೋ ಟ್ಯಾಬೋ ನೋಡಿ ಮುಗಿದ ಮೇಲೆ, ತೆರೆದಿರೋ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ಮೇಲಕ್ಕೆ ತಳ್ಳಿ ಕ್ಲೋಸ್ ಮಾಡೋರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಸರಿ, ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ರಿ. ಕೈ ಇಳಿಸಿ. ಕಳೆದ ವರ್ಷದವರೆಗೆ ನಾನೂ ಎತ್ತುತ್ತಿದ್ದೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಊರು ಬೀದರ್ ಜಿಲ್ಲೆ, ಭಾಲ್ಕಿ ಕಡೆ. ಈಗ ಇರೋದು ಹೈದರಾಬಾದಿನಲ್ಲಿ, ಅಮೀರ್‌ಪೇಟ್ ಮೆಟ್ರೋ ಸ್ಟೇಷನ್ನಿನಿಂದ ನಡೆದು ಹೋಗೋ ದೂರದಲ್ಲಿ. ಓದಿದ್ದು ಎಂಟೆಕ್. ಅದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇವತ್ತು ಹೇಳೋ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದೂ ಮಾಡಿದ್ದು.

ನಮ್ಮ ಅಪ್ಪ ರಿಟೈರ್ಡ್ ಹೆಡ್‌ಮಾಸ್ತರು. ಹಾರ್ಟಿಗೆ ಸ್ಟೆಂಟ್ ಹಾಕಿಸಿದ ಮೇಲೆ ಅಪ್ಪ, ಅವ್ವ ಇಬ್ಬರೂ ನಮ್ಮ ಜೊತೆ ಇಲ್ಲೇ ಇರ್ತಾರೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಗುಳಿಗೆ ಕೊಡ್ತಾರೆ. ಅಪ್ಪನಿಗೆ ಕೊಟ್ಟಿದ್ದು ದಿನಕ್ಕೆ ಎರಡು ಸಲದ್ದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಡಾಕ್ಟರು ಡಿಸ್ಚಾರ್ಜ್ ಮಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಮಾತು ಒಂದೇ: ಉಳಿದದ್ದು ಏನು ಮರೆತರೂ ನಡೀತದೆ, ಇದನ್ನ ನಾನು ಹೇಳೋವರೆಗೆ ಒಂದು ದಿನಾನೂ ಬಿಡಬಾರದು.

ಬೆಳಗಿನ ಗುಳಿಗೆಗೆ ಚಿಂತೆ ಇರಲಿಲ್ಲ. ಅವ್ವ ಚಹಾದ ಜೊತೆಗೇ ತಂದು ಕೈಗೆ ಕೊಡ್ತಾಳೆ. ರಾತ್ರಿದು ಕಷ್ಟ. ಅವ್ವ ಬೇಗ ಮಲಗ್ತಾಳೆ, ನಾನು ಆಫೀಸಿನಿಂದ ಬರೋದು ಹತ್ತಾಗ್ತದೆ. ಅದಕ್ಕೆ ಅಪ್ಪನ ಟ್ಯಾಬ್‌ನಲ್ಲಿ ಗುಳಿಗೆ ನೆನಪಿಸೋ ಒಂದು ಆ್ಯಪ್ ಹಾಕಿಕೊಟ್ಟೆ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಗಂಟೆ ಹೊಡೀತಿತ್ತು. ಮೂವತ್ತೈದು ವರ್ಷ ಶಾಲೆ ಗಂಟೆ ಕೇಳಿ ಎದ್ದು ಕೂತ ಮನುಷ್ಯ. ಗಂಟೆ ಆಯಿತು ಅಂದ್ರೆ ಗುಳಿಗೆ ತಗೋತಿದ್ರು.

ಹಳೇ ಟ್ಯಾಬ್ ಗ್ಲಾಸ್ ಒಡೆದು ಹೋಯ್ತು ಅಂತ ಹೊಸದೊಂದು ತಂದುಕೊಟ್ಟೆ. ಬೇರೆ ಕಂಪನಿದು, ಸ್ಕ್ರೀನ್ ದೊಡ್ಡದು, 4 ಜಿಬಿ ರ್‍ಯಾಮ್. ಅದೇ ಆ್ಯಪ್ ಹಾಕಿದೆ, ಅದೇ ಒಂಬತ್ತು ಗಂಟೆ ಇಟ್ಟೆ. ಮುಂದಿನ ಭಾನುವಾರ ಔಷಧಿ ತರಬೇಕು ಅಂತ ಡಬ್ಬಿ ತೆಗೆದು ಎಣಿಸಿದೆ. ನಾಲ್ಕು ಗುಳಿಗೆ ಉಳೀಬೇಕಿತ್ತು. ಹತ್ತು ಇದ್ದವು.

ಎರಡು ಸಲ ಎಣಿಸಿದೆ. ಆಮೇಲೆ ಕೇಳಿದೆ, "ಅಪ್ಪಾ, ರಾತ್ರಿ ಗುಳಿಗೆ ತಗೊಳ್ಳಾಕತ್ತೀರೇನು?"

ಅಪ್ಪ ಪೇಪರಿನಿಂದ ತಲೆ ಎತ್ತಿ ಹೇಳಿದ್ರು, "ಗಂಟಿ ಆಗಿಲ್ಲಲ್ಲ ತಮ್ಮಾ. ಗಂಟಿ ಆಗ್ಲಿಲ್ಲಂದ್ರ ನಾ ಹ್ಯಾಂಗ ತಗೋಳ್ಳಿ? ಡಾಕ್ಟರು ರಾತ್ರಿದು ಬಂದ್ ಮಾಡ್ಯಾರ, ನೀನೇ ತೆಗದಿರಬೇಕು ಅಂತ ತಿಳಕೊಂಡೆ."

ಆರು ರಾತ್ರಿ. ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ನನಗೆ ಬೈದದ್ದನ್ನ ಇಲ್ಲಿ ಹೇಳಲ್ಲ.

ಆ ಭಾನುವಾರ ಮಧ್ಯಾಹ್ನ ಊಟದ ಟೇಬಲ್ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತೆ. ಆಫೀಸಿನಲ್ಲಿ ಬಗ್ ಹುಡುಕೋ ಹಾಗೇ. ಎರಡು ನಿಮಿಷ ಬಿಟ್ಟು ಅಲಾರಂ ಇಟ್ಟೆ, ಟ್ಯಾಬ್ ಪಕ್ಕಕ್ಕಿಟ್ಟೆ. ಹೊಡೀತು. ಮತ್ತೆ ಇಟ್ಟೆ, ಸ್ಕ್ರೀನ್ ಆಫ್ ಮಾಡಿ ಇಟ್ಟೆ. ಹೊಡೀತು. ಆ್ಯಪ್‌ನಲ್ಲಿ ತಪ್ಪಿಲ್ಲ. ಮತ್ತೆ ಯಾಕೆ? ಆಗ ಅಪ್ಪನಿಗೆ ಕೇಳಿದೆ, ರಾತ್ರಿ ಟ್ಯಾಬ್ ಹ್ಯಾಂಗ ಇಡ್ತೀರಿ, ಒಂದ್ಸಲ ಮಾಡಿ ತೋರಿಸ್ರಿ ಅಂತ.

ಅಪ್ಪ ಟ್ಯಾಬ್ ತಗೊಂಡ್ರು. ಎಲ್ಲ ಆ್ಯಪ್‌ಗಳ ಕಾರ್ಡ್ ಸಾಲಾಗಿ ಬರೋ ಪರದೆ ತೆರೆದ್ರು. ಒಂದೊಂದನ್ನೇ ಮೇಲಕ್ಕೆ ತಳ್ಳಿದ್ರು. ಪೇಪರ್ ಓದೋ ಆ್ಯಪ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಕೊನೆಗೆ ಗುಳಿಗೆ ಆ್ಯಪ್. ಪೂರ್ತಿ ಖಾಲಿ. "ರಾತ್ರಿ ಎಂಟಕ್ಕ ಸುದ್ದಿ ಮುಗಿದ ಮ್ಯಾಲ ಎಲ್ಲ ಬಂದ್ ಮಾಡಿ ಇಡ್ತೀನಿ. ಬ್ಯಾಟ್ರಿ ಉಳಿತದ ಅಂತ ನೀನೇ ಹೇಳಿದ್ದಿ ಅಲ್ಲ?"

ಹೌದು. ನಾನೇ ಹೇಳಿದ್ದೆ. ಮೊದಲ ಟ್ಯಾಬ್ ಕೊಟ್ಟ ದಿನ, ಅದೇ ಟೇಬಲ್ ಮೇಲೆ, ಬೆರಳು ಹಿಡಿದು ಕಲಿಸಿದ್ದೆ.

ಮೂರನೇ ಸಲ ಅಲಾರಂ ಇಟ್ಟೆ, ಅಪ್ಪ ಮಾಡಿದ ಹಾಗೇ ಕಾರ್ಡ್ ತಳ್ಳಿದೆ, ಕಾದೆ. ಎರಡು ನಿಮಿಷ, ಐದು ನಿಮಿಷ. ಸದ್ದಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿದೆ. ಆ್ಯಂಡ್ರಾಯ್ಡ್ ಕೆಲಸ ಮಾಡೋರಿಗೆ ಎಡಿಬಿ ಗೊತ್ತಿರ್ತದೆ. ಆ ಆ್ಯಪ್ ಹೆಸರಿನ ಮುಂದೆ ಬರೆದಿತ್ತು: ಸ್ಟಾಪ್ಡ್, ಟ್ರೂ. ಅಂದ್ರೆ ಸಿಸ್ಟಮ್ ಪ್ರಕಾರ ಟ್ಯಾಬ್‌ನ ಮಾಲೀಕರು ಆ ಆ್ಯಪನ್ನ ಬೇಕಂತಲೇ ನಿಲ್ಲಿಸಿದ್ದಾರೆ. ಅಲಾರಂಗಳ ಪಟ್ಟಿಯಲ್ಲಿ ಒಂಬತ್ತು ಗಂಟೆಯದ್ದು ಇರಲೇ ಇಲ್ಲ.

ಈಗ ನೀವು ಕೇಳಬೇಕಾದ ಪ್ರಶ್ನೆ: ಹಳೇ ಟ್ಯಾಬ್‌ನಲ್ಲೂ ಅಪ್ಪ ಹೀಗೇ ಕ್ಲೋಸ್ ಮಾಡ್ತಿದ್ರಲ್ಲ, ಅಲ್ಲಿ ಯಾಕೆ ಹೊಡೀತಿತ್ತು? ಅದಕ್ಕೆ ಉತ್ತರ ಹೇಳಬೇಕಂದ್ರೆ ನಿಮ್ಮನ್ನ ಅಮೀರ್‌ಪೇಟ್‌ನ ಒಂದು ಹಾಸ್ಟೆಲಿಗೆ ಕರ್ಕೊಂಡು ಹೋಗಬೇಕು.

2011ರಲ್ಲಿ ಬಿಇ ಮುಗಿಸಿ ನಾನು ಬೀದರ್ ಬಸ್ಸಿನಲ್ಲಿ ಬಂದು ಅಮೀರ್‌ಪೇಟ್‌ನಲ್ಲಿ ಇಳಿದೆ. ನಮ್ಮ ಕಡೆ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆಗ ಮೆಟ್ರೋ ಇರಲಿಲ್ಲ, ಅದು ಬಂದಿದ್ದು 2017ರ ನವೆಂಬರ್‌ನಲ್ಲಿ. ಮೈತ್ರಿವನಂ ಮುಂದೆ ನಿಂತರೆ ಕಟ್ಟಡ ಕಾಣ್ತಿರಲಿಲ್ಲ, ಬೋರ್ಡೇ ಕಾಣ್ತಿತ್ತು: ಜಾವಾ, ಡಾಟ್‌ನೆಟ್, ಒರಾಕಲ್, ಟೆಸ್ಟಿಂಗ್. ಹತ್ತು ಹೆಜ್ಜೆ ಹಾಕೋದ್ರೊಳಗೆ ಕೈಯಲ್ಲಿ ಆರು ಪಾಂಪ್ಲೆಟ್. ನಾನು ಜಾವಾ ಸೇರಿದೆ. ಇರೋದಕ್ಕೆ ಹಿಂದಿನ ಗಲ್ಲಿಯ ಬಾಯ್ಸ್ ಹಾಸ್ಟೆಲ್, ಒಂದು ರೂಮಿಗೆ ಐದು ಮಂಚ.

ಆ ಹಾಸ್ಟೆಲನ್ನೇ ನಿಮ್ಮ ಟ್ಯಾಬ್‌ನ ರ್‍ಯಾಮ್ ಅಂದುಕೊಳ್ಳಿ. ಮಂಚ ಅಂದ್ರೆ ಮೆಮೊರಿಯಲ್ಲಿರೋ ಜಾಗ. ಹುಡುಗರು ಅಂದ್ರೆ ಆ್ಯಪ್. ವಾರ್ಡನ್ ಅಂದ್ರೆ ಆ್ಯಂಡ್ರಾಯ್ಡ್ ಅಥವಾ ಐಪ್ಯಾಡ್‌ನ ಆಪರೇಟಿಂಗ್ ಸಿಸ್ಟಮ್.

ನೀವು ಈಗ ನೋಡ್ತಿರೋ ಆ್ಯಪ್ ಎದ್ದು ಕೂತು ಓದ್ತಿರೋ ಹುಡುಗ. ಲೈಟ್ ಹಾಕಿದ್ದಾನೆ, ಫ್ಯಾನ್ ಹಾಕಿದ್ದಾನೆ. ಕರೆಂಟ್ ಖರ್ಚಾಗ್ತಿದೆ. ನೀವು ಅದನ್ನ ಬಿಟ್ಟು ಬೇರೆ ಆ್ಯಪ್‌ಗೆ ಹೋದ್ರಿ ಅಂದ್ರೆ ಈ ಹುಡುಗ ಲೈಟ್ ಆರಿಸಿ ಮಲಗ್ತಾನೆ. ಮಂಚ ಬಿಟ್ಟು ಹೋಗಿಲ್ಲ, ಆದ್ರೆ ಕರೆಂಟ್ ಉರಿಸ್ತಿಲ್ಲ. ಐಪ್ಯಾಡ್‌ನಲ್ಲಿ ಇದಕ್ಕೆ ಸಸ್ಪೆಂಡೆಡ್ ಅಂತಾರೆ, ಆ್ಯಂಡ್ರಾಯ್ಡ್‌ನಲ್ಲಿ ಕ್ಯಾಶ್ಡ್ ಅಂತಾರೆ. ಐಪ್ಯಾಡ್‌ನಲ್ಲಿ ಮಲಗಿದ ಆ್ಯಪ್‌ನ ಒಂದು ಸಾಲು ಕೋಡ್ ಕೂಡ ಓಡಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಮೊದಲು ಸ್ವಲ್ಪ ಸಡಿಲ ಇತ್ತು, ವರ್ಷ ವರ್ಷ ಬಿಗಿ ಮಾಡ್ತಾ ಬಂದ್ರು. 2015ರ ಆ್ಯಂಡ್ರಾಯ್ಡ್ 6ರಲ್ಲಿ ಡೋಜ಼್ ಬಂತು. ಟ್ಯಾಬ್ ಸುಮ್ಮನೆ ಬಿದ್ದಿದ್ರೆ ಆ್ಯಪ್‌ಗಳು ಆಗಾಗ ಎದ್ದು ಇಂಟರ್‌ನೆಟ್ ಕೇಳೋದನ್ನ ಅದು ತಡೀತದೆ. 2017ರ ಆ್ಯಂಡ್ರಾಯ್ಡ್ 8ರಲ್ಲಿ ಹಿನ್ನೆಲೆ ಕೆಲಸಕ್ಕೇ ಮಿತಿ ಹಾಕಿದ್ರು. 2018ರ ಆ್ಯಂಡ್ರಾಯ್ಡ್ 9ರಲ್ಲಿ ನೀವು ಯಾವ ಆ್ಯಪ್ ಎಷ್ಟು ಬಳಸ್ತೀರಿ ಅಂತ ನೋಡಿ ಬೇರೆ ಬೇರೆ ಗುಂಪು ಮಾಡಿ, ಕಡಿಮೆ ಬಳಸೋದಕ್ಕೆ ಕಡಿಮೆ ಅವಕಾಶ ಕೊಡೋದು ಶುರುವಾಯ್ತು.

"ಆದ್ರೂ ರ್‍ಯಾಮ್ ತುಂಬಿದ್ರೆ ಬ್ಯಾಟರಿ ಜಾಸ್ತಿ ತಿನ್ನಲ್ವಾ?" ಅಂತ ಕೇಳ್ತೀರಿ. ಇಲ್ಲ. ರ್‍ಯಾಮ್ ಚಿಪ್ ತನ್ನೊಳಗಿರೋದನ್ನ ಮರೀಬಾರದು ಅಂತ ಸೆಕೆಂಡಿಗೆ ಹಲವು ಸಲ ತನ್ನನ್ನ ತಾನೇ ರಿಫ್ರೆಶ್ ಮಾಡ್ಕೋತಿರ್ತದೆ. ಆ ಜಾಗದಲ್ಲಿ ನಿಮ್ಮ ಆ್ಯಪ್ ಇದ್ರೂ ಅಷ್ಟೇ, ಕಸ ಇದ್ರೂ ಅಷ್ಟೇ. ಮಂಚದ ಮೇಲೆ ಹುಡುಗ ಮಲಗಿದ್ರೂ ಬಿಟ್ರೂ ಹಾಸ್ಟೆಲ್ ಬಾಡಿಗೆ ಕಟ್ಟಲೇಬೇಕು. ಅಮೀರ್‌ಪೇಟ್‌ನ ಯಾವ ಹಾಸ್ಟೆಲ್ ಓನರನ್ನ ಬೇಕಾದ್ರೂ ಕೇಳಿ, ಖಾಲಿ ಮಂಚ ನೋಡಿ ಖುಷಿ ಪಡ್ತೀರಾ ಅಂತ.

ಸರಿ, ಎಲ್ಲ ಮಂಚ ತುಂಬಿದೆ, ಹೊಸ ಹುಡುಗ ಟ್ರಂಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಈಗ? ವಾರ್ಡನ್ ಒಳಗೆ ಬರ್ತಾರೆ, ಯಾರು ಎಷ್ಟು ಮುಖ್ಯ ಅಂತ ನೋಡ್ತಾರೆ. ಓದ್ತಿರೋನನ್ನ ಮುಟ್ಟಲ್ಲ. ಹಾಡು ಹಾಕಿರೋ ಆ್ಯಪ್, ದಾರಿ ತೋರಿಸ್ತಿರೋ ಮ್ಯಾಪ್, ಇವರನ್ನ ಆದಷ್ಟೂ ಮುಟ್ಟಲ್ಲ. ಮಲಗಿ ಬಹಳ ಹೊತ್ತಾದವನನ್ನ ಎಬ್ಬಿಸಿ ಕಳಿಸ್ತಾರೆ. ಆ್ಯಂಡ್ರಾಯ್ಡ್‌ನಲ್ಲಿ ಈ ಕೆಲಸ ಮಾಡೋದಕ್ಕೆ ಲೋ ಮೆಮೊರಿ ಕಿಲ್ಲರ್ ಅಂತ ಒಂದು ಭಾಗವೇ ಇದೆ. ಪ್ರತಿ ಆ್ಯಪ್‌ಗೂ ಒಂದು ಅಂಕ ಕೊಟ್ಟಿರ್ತಾರೆ, ಅಂಕ ನೋಡಿ ಕಳಿಸ್ತದೆ. ಅಂದ್ರೆ ನೀವು ಬೆರಳಿನಿಂದ ಮಾಡೋ ಕೆಲಸವನ್ನ ಸಿಸ್ಟಮ್ ಬೇಕಾದಾಗ, ಬೇಕಾದಷ್ಟೇ, ನಿಮಗಿಂತ ಚೆನ್ನಾಗಿ ಮಾಡ್ತಿದೆ.

ನೀವು ಮಾಡೋದೇನು? ಹತ್ತು ನಿಮಿಷ ಬಿಟ್ಟು ವಾಪಸ್ ಬರೋ ಹುಡುಗನನ್ನ ಮಂಚ ಖಾಲಿ ಮಾಡಿಸಿ ಬಸ್ ಹತ್ತಿಸ್ತೀರಿ. ಅವನು ಮತ್ತೆ ಬರ್ತಾನೆ. ಮತ್ತೆ ಆಟೋ, ಮತ್ತೆ ಟ್ರಂಕ್, ಮತ್ತೆ ರಿಜಿಸ್ಟರ್. ಮಲಗಿದ್ದ ಆ್ಯಪನ್ನ ಎಬ್ಬಿಸೋದಕ್ಕೆ ಹಾಟ್ ಸ್ಟಾರ್ಟ್ ಅಂತಾರೆ. ಹೊಸದಾಗಿ ಶುರು ಮಾಡೋದು ಕೋಲ್ಡ್ ಸ್ಟಾರ್ಟ್: ಪ್ರೋಸೆಸ್ ಹುಟ್ಟಬೇಕು, ಕೋಡ್ ಲೋಡ್ ಆಗಬೇಕು, ಪರದೆ ಮೊದಲಿಂದ ಬಿಡಿಸಬೇಕು, ಎಷ್ಟೋ ಸಲ ಇಂಟರ್‌ನೆಟ್‌ನಿಂದ ಎಲ್ಲ ಮತ್ತೆ ತರಬೇಕು. ಇದಕ್ಕೇ ಬ್ಯಾಟರಿ ಬೇಕಾಗೋದು. ಗೂಗಲ್ ಡೆವಲಪರ್‌ಗಳಿಗೆ ಕೊಟ್ಟಿರೋ ಅಳತೆಯಲ್ಲೇ ಇದು ಕಾಣ್ತದೆ. ಹಾಟ್ ಸ್ಟಾರ್ಟ್ 1.5 ಸೆಕೆಂಡ್ ಮುಟ್ಟಿದ್ರೆ ನಿಧಾನ ಅಂತ ಲೆಕ್ಕ. ಕೋಲ್ಡ್ ಸ್ಟಾರ್ಟಿಗೆ ಮಾತ್ರ 5 ಸೆಕೆಂಡ್‌ವರೆಗೆ ರಿಯಾಯಿತಿ.

ಇದು ನನ್ನ ಸ್ವಂತ ಸಿದ್ಧಾಂತ ಅಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಗ್ರಾಹಕ ಆ್ಯಪಲ್‌ನ ಟಿಮ್ ಕುಕ್‌ಗೆ ಇಮೇಲ್ ಬರೆದು ಕೇಳಿದ್ದ: ನೀವು ಆ್ಯಪ್‌ಗಳನ್ನ ಆಗಾಗ ಕ್ಲೋಸ್ ಮಾಡ್ತೀರಾ, ಬ್ಯಾಟರಿಗೆ ಅದು ಬೇಕಾ ಅಂತ. ಉತ್ತರ ಬರೆದವರು ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ. ಎರಡಕ್ಕೂ ಇಲ್ಲ ಅಂದ್ರು. ಅದೇ ದಿನಗಳಲ್ಲಿ ಆ್ಯಂಡ್ರಾಯ್ಡ್ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಕೂಡ, ಕ್ಲೋಸ್ ಮಾಡಿದ್ರೆ ಉಪಯೋಗಕ್ಕಿಂತ ಸ್ವಲ್ಪ ನಷ್ಟವೇ ಆಗಬಹುದು ಅನ್ನೋ ಅರ್ಥದಲ್ಲಿ ಹೇಳಿದ್ರು.

ಇನ್ನೊಂದು ವಿಷಯ. ನೀವು ತಳ್ಳೋ ಆ ಕಾರ್ಡ್‌ಗಳಿವೆಯಲ್ಲ, ಅವು ಓಡ್ತಿರೋ ಆ್ಯಪ್‌ಗಳ ಪಟ್ಟಿ ಅಲ್ಲ. ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪಟ್ಟಿ. ಹಾಸ್ಟೆಲ್ ರಿಜಿಸ್ಟರ್ ಇದ್ದ ಹಾಗೆ. ಹೆಸರು ಇದೆ ಅಂದ ಮಾತ್ರಕ್ಕೆ ಹುಡುಗ ರೂಮಲ್ಲಿದ್ದಾನೆ ಅಂತಲ್ಲ. ನಂಬಿಕೆ ಇಲ್ಲ ಅಂದ್ರೆ ಮನೆಗೆ ಹೋಗಿ ಟ್ಯಾಬ್ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಆ ಪಟ್ಟಿ ತೆಗೆದು ನೋಡಿ. ಹೆಚ್ಚಿನ ಟ್ಯಾಬ್‌ಗಳಲ್ಲಿ ಕಾರ್ಡ್‌ಗಳು ಹಾಗೇ ಇರ್ತವೆ. ಈಗಷ್ಟೇ ಆನ್ ಆದ ಟ್ಯಾಬ್‌ನಲ್ಲಿ ಅಷ್ಟೊಂದು ಆ್ಯಪ್ ಹೇಗೆ ಓಡ್ತಿರ್ತವೆ? ಓಡ್ತಿಲ್ಲ. ಅವು ಬರೀ ಫೋಟೋ.

ಈಗ ಅಪ್ಪನ ಗಂಟೆ ವಿಷಯಕ್ಕೆ ಬರ್ತೀನಿ. ನಮ್ಮ ಹಾಸ್ಟೆಲಿನಲ್ಲಿ ಬೆಳಿಗ್ಗೆ ಏಳು ಗಂಟೆ ಬ್ಯಾಚ್ ಇದ್ದವರು ರಾತ್ರಿ ವಾಚ್‌ಮನ್‌ಗೆ ಹೇಳಿ ಮಲಗ್ತಿದ್ರು, ಆರಕ್ಕೆ ಎಬ್ಬಿಸಪ್ಪಾ ಅಂತ. ಅವನು ಒಂದು ಪುಸ್ತಕದಲ್ಲಿ ಬರೆದುಕೊಳ್ತಿದ್ದ. ಅಲಾರಂ ಹೀಗೇ ಕೆಲಸ ಮಾಡೋದು. ಗುಳಿಗೆ ಆ್ಯಪ್ ರಾತ್ರಿ ಒಂಬತ್ತರವರೆಗೆ ಎಚ್ಚರ ಇದ್ದು ಗಡಿಯಾರ ನೋಡ್ತಾ ಕೂರಲ್ಲ. ಒಂಬತ್ತಕ್ಕೆ ಎಬ್ಬಿಸು ಅಂತ ಸಿಸ್ಟಮ್‌ಗೆ ಹೇಳಿ ಮಲಗ್ತದೆ. ಬರೆದುಕೊಳ್ಳೋದು ಸಿಸ್ಟಮ್. ಮೂಲ ಆ್ಯಂಡ್ರಾಯ್ಡ್‌ನಲ್ಲಿ ನೀವು ಕಾರ್ಡ್ ತಳ್ಳಿದ್ರೂ ವಾಚ್‌ಮನ್ ಪುಸ್ತಕದಲ್ಲಿ ಬರೆದದ್ದು ಹಾಗೇ ಇರ್ತದೆ. ಒಂಬತ್ತಕ್ಕೆ ಸಿಸ್ಟಮ್ ಆ್ಯಪನ್ನ ಮತ್ತೆ ಕರೆದು ತರ್ತದೆ, ಗಂಟೆ ಹೊಡೀತದೆ. ಅಪ್ಪನ ಹಳೇ ಟ್ಯಾಬ್‌ನಲ್ಲಿ ಆಗ್ತಿದ್ದದ್ದು ಇದು.

ಆದ್ರೆ ಇನ್ನೊಂದು ಥರ ನಿಲ್ಲಿಸೋದಿದೆ. ಸೆಟ್ಟಿಂಗ್ಸ್ ಒಳಗೆ ಹೋದ್ರೆ ಫೋರ್ಸ್ ಸ್ಟಾಪ್ ಅಂತ ಬಟನ್ ಇರ್ತದೆ ನೋಡಿ, ಅದು. 2011ರಲ್ಲಿ ಬಂದ ಆ್ಯಂಡ್ರಾಯ್ಡ್ 3.1ರಿಂದ ಅದಕ್ಕೊಂದು ನಿಯಮ ಇದೆ. ಫೋರ್ಸ್ ಸ್ಟಾಪ್ ಆದ ಆ್ಯಪ್‌ನ ಅಲಾರಂಗಳೆಲ್ಲ ರದ್ದು. ನೀವಾಗಿ ಐಕಾನ್ ಮುಟ್ಟಿ ತೆರೆಯೋವರೆಗೆ ಅದು ತಾನಾಗಿ ಏಳೋ ಹಾಗಿಲ್ಲ. ಹುಡುಗನ ಹೆಸರು ಹೊಡೆದು ಹಾಕಿ, ವಾಚ್‌ಮನ್ ಪುಸ್ತಕದ ಆ ಹಾಳೆಯನ್ನೂ ಹರಿದ ಹಾಗೆ. ನಿಯಮ ಸರಿಯಾದದ್ದೇ, ಹಠಮಾರಿ ಆ್ಯಪನ್ನ ಸುಮ್ಮನಿರಿಸೋಕೆ ಒಂದು ದಾರಿ ಬೇಕಲ್ಲ. ತೊಂದರೆ ಏನಂದ್ರೆ ಕೆಲವು ಕಂಪನಿಗಳು ಬ್ಯಾಟರಿ ಹೆಚ್ಚು ಬರ್ತದೆ ಅಂತ ತೋರಿಸೋಕೆ, ಸುಮ್ಮನೆ ಕಾರ್ಡ್ ತಳ್ಳಿದ್ರೂ ಅದನ್ನ ಫೋರ್ಸ್ ಸ್ಟಾಪ್ ಅಂತಲೇ ಲೆಕ್ಕ ಹಿಡೀತವೆ. ಹೊಸ ಟ್ಯಾಬ್ ಆ ಜಾತಿದು. ಅಲಾರಂ ಆ್ಯಪ್ ಮಾಡೋ ಡೆವಲಪರ್‌ಗಳು ಇದರಿಂದ ಬೇಸತ್ತು, ಯಾವ ಕಂಪನಿ ಎಷ್ಟರಮಟ್ಟಿಗೆ ಹೀಗೆ ಮಾಡ್ತದೆ, ಪರಿಹಾರ ಏನು ಅಂತ ಬರೆದಿಡೋಕೆ 'ಡೋಂಟ್ ಕಿಲ್ ಮೈ ಆ್ಯಪ್' ಅಂತ ಒಂದು ಸೈಟನ್ನೇ ನಡೆಸ್ತಿದ್ದಾರೆ.

ಐಪ್ಯಾಡ್ ಇರೋರು ಇದು ನಮಗಲ್ಲ ಅಂದುಕೊಳ್ಳಬೇಡಿ. ಅಲ್ಲಿ ಆ್ಯಪ್ ಮೊದಲೇ ಸಿಸ್ಟಮ್‌ಗೆ ಒಪ್ಪಿಸಿಟ್ಟ ನೆನಪೋಲೆ, ಕಾರ್ಡ್ ತಳ್ಳಿದ್ರೂ ಬರ್ತದೆ. ಆದ್ರೆ ತಳ್ಳಿದ ಆ್ಯಪ್ ನೀವು ಮತ್ತೆ ತೆರೆಯೋವರೆಗೆ ಹಿನ್ನೆಲೆಯಲ್ಲಿ ತನ್ನನ್ನ ತಾನು ಅಪ್‌ಡೇಟ್ ಮಾಡ್ಕೊಳ್ಳಲ್ಲ. ಅದಕ್ಕೇ ಆ್ಯಪಲ್ ಕೂಡ ಹೇಳೋದು, ಆ್ಯಪ್ ಪ್ರತಿಕ್ರಿಯೆ ಕೊಡದೆ ಸಿಕ್ಕಿಕೊಂಡಾಗ ಮಾತ್ರ ಕ್ಲೋಸ್ ಮಾಡಿ ಅಂತ.

ಹಾಗಾದ್ರೆ ಈ ಚಟ ನಮಗೆಲ್ಲ ಎಲ್ಲಿಂದ ಬಂತು? ನನಗೆ ಎಲ್ಲಿಂದ ಬಂತು ಅಂತ ಸರಿಯಾಗಿ ಗೊತ್ತಿದೆ. ಅಮೀರ್‌ಪೇಟ್‌ನ ಆ ಜಾವಾ ಲ್ಯಾಬಿನಿಂದ. ವಿಂಡೋಸ್ ಎಕ್ಸ್‌ಪಿ ಇದ್ದ ಹಳೇ ಡೆಸ್ಕ್‌ಟಾಪ್, 512 ಎಂಬಿ ರ್‍ಯಾಮ್. ಒಂದು ಕಡೆ ಎಕ್ಲಿಪ್ಸ್, ಒಂದು ಕಡೆ ಒರಾಕಲ್, ಮೇಲೊಂದು ಬ್ರೌಸರ್. ಹಾರ್ಡ್ ಡಿಸ್ಕ್ ಕರಕರ ಅನ್ನೋಕೆ ಶುರು, ಮೌಸ್ ಅಲ್ಲೇ ಅಂಟಿ ನಿಲ್ತಿತ್ತು. ಸರ್ ಹಿಂದಿನಿಂದ ಬಂದು ತೆಲುಗಲ್ಲಿ ಹೇಳ್ತಿದ್ರು, "ಮುಂದು ಅನ್ನೀ ಕ್ಲೋಸ್ ಚೆಯ್ಯಿ." ಮೊದಲು ಎಲ್ಲ ಕ್ಲೋಸ್ ಮಾಡು ಅಂತ. ಆ ಕಂಪ್ಯೂಟರಿಗೆ ಅದು ನೂರಕ್ಕೆ ನೂರು ಸರಿಯಾದ ಮಾತು. ಅಲ್ಲಿ ಒಂದು ಪ್ರೋಗ್ರಾಮ್ ತೆರೆದ್ರೆ ನೀವು ಕ್ಲೋಸ್ ಮಾಡೋವರೆಗೆ ಅದು ಎದ್ದೇ ಇರ್ತದೆ, ಕಳಿಸೋಕೆ ವಾರ್ಡನ್ ಇಲ್ಲ. ನಾಲ್ಕು ತಿಂಗಳು ದಿನಾ ಕೇಳಿ ಕೇಳಿ ಆ ಮಾತು ಕೈಗೇ ಇಳಿದುಬಿಟ್ತು.

ಆಮೇಲೆ ಎಂಟೆಕ್ ಮಾಡಿದೆ. ಆಪರೇಟಿಂಗ್ ಸಿಸ್ಟಮ್ಸ್ ಪೇಪರ್ ನನಗೆ ಪ್ರಾಣ. ಪೀಟರ್ ಡೆನ್ನಿಂಗ್ 1968ರಲ್ಲೇ ವರ್ಕಿಂಗ್ ಸೆಟ್ ಅಂತ ಬರೆದ ಪ್ರಬಂಧ ಇದೆ. ಒಂದು ಪ್ರೋಗ್ರಾಮಿಗೆ ಈ ಹೊತ್ತಿಗೆ ಬೇಕಾದಷ್ಟನ್ನ ಮೆಮೊರಿಯಲ್ಲಿ ಉಳಿಸು, ಉಳಿದದ್ದನ್ನ ಜಾಗ ಬೇಕಾದಾಗ ಕಳಿಸು ಅನ್ನೋದು ಅದರ ಸಾರ. ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನ ಮೊದಲು ತೆಗೀಬೇಕು ಅನ್ನೋ ಅಲ್ಗಾರಿದಮ್ ಬಗ್ಗೆ ಪರೀಕ್ಷೆಯಲ್ಲಿ ಆರು ಪುಟ ಬರೆದಿದ್ದೀನಿ, ಒಳ್ಳೇ ಮಾರ್ಕ್ಸೂ ಬಂದಿದೆ. ಅದನ್ನೆಲ್ಲ ಓದಿದ ಮನುಷ್ಯ ಮನೆಗೆ ಬಂದು ಅಪ್ಪನ ಕೈಗೆ ಟ್ಯಾಬ್ ಕೊಟ್ಟಾಗ ಹೇಳಿದ್ದು ಡೆನ್ನಿಂಗ್ ಮಾತಲ್ಲ, ಲ್ಯಾಬಿನ ಸರ್ ಮಾತು. ಯಾಕೆ ಅಂತ ಅಪ್ಪ ಕೇಳಲಿಲ್ಲ. ಮಗ ಇಂಜಿನಿಯರು, ಹೇಳಿದ್ದು ಸರಿಯೇ ಇರ್ತದೆ ಅಂದುಕೊಂಡ್ರು. ಕೇಳಿದ್ರೆ ನಾನು ಯೋಚನೆ ಮಾಡ್ತಿದ್ದೆನೋ ಏನೋ.

ಹಾಗಾದ್ರೆ ಯಾವತ್ತೂ ಕ್ಲೋಸ್ ಮಾಡಬಾರದಾ? ಮಾಡಬೇಕಾದ ಸಂದರ್ಭ ಇವೆ. ಆ್ಯಪ್ ಸಿಕ್ಕಿಕೊಂಡಿದೆ, ಮುಟ್ಟಿದ್ರೆ ಅಲುಗಾಡ್ತಿಲ್ಲ, ಆಗ ತಳ್ಳಿ. ಮ್ಯಾಪ್‌ನಲ್ಲಿ ದಾರಿ ಹಾಕಿದ್ರಿ, ಮನೆ ಮುಟ್ಟಿದ ಮೇಲೂ ಅದು ಮಾತಾಡ್ತಿದೆ, ನಿಲ್ಲಿಸಿ. ವಿಡಿಯೋ ಮೀಟಿಂಗ್ ಮುಗಿದಿದೆ, ಆದ್ರೆ ಮೈಕ್ ಗುರುತು ಇನ್ನೂ ಮೇಲೆ ಕಾಣ್ತಿದೆ, ಖಂಡಿತ ಕ್ಲೋಸ್ ಮಾಡಿ. ಇವು ಮಲಗಿರೋ ಹುಡುಗರಲ್ಲ, ಲೈಟ್ ಹಾಕ್ಕೊಂಡು ಕೂತಿರೋರು. ಇನ್ನು ಬ್ಯಾಂಕ್ ಆ್ಯಪ್. ಕಾರ್ಡ್ ತಳ್ಳಿದ್ರೆ ಭದ್ರ ಅಂದುಕೊಳ್ಳಬೇಡಿ. ಅದರೊಳಗಿನ ಲಾಗ್‌ಔಟ್ ಒತ್ತಿ.

ಬ್ಯಾಟರಿ ಬೇಗ ಹೋಗ್ತಿದೆ ಅಂದ್ರೆ ಕಾರ್ಡ್‌ಗಳ ಹತ್ತಿರ ಹೋಗೋದಲ್ಲ. ಸೆಟ್ಟಿಂಗ್ಸ್, ಬ್ಯಾಟರಿ, ಅಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಪಟ್ಟಿ ಇರ್ತದೆ. ಮೇಲಿನ ಒಂದೋ ಎರಡೋ ಆ್ಯಪೇ ಕಳ್ಳರು. ಅವನ್ನ ಅಲ್ಲೇ ಮಿತಿಗೊಳಿಸಿ, ಬೇಡವಾದ್ರೆ ತೆಗೆದುಹಾಕಿ. ಆಮೇಲೆ ಪರದೆಯ ಬೆಳಕು ಕಡಿಮೆ ಮಾಡಿ. ದೊಡ್ಡ ಪರದೆಯ ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು ಖರ್ಚು ಮಾಡೋದು ಆ ಬೆಳಕೇ. ಅಪ್ಪನ ಟ್ಯಾಬ್‌ನಲ್ಲಿ ಬೆಳಕು ಪೂರ್ತಿ ಮೇಲಿತ್ತು. ದಿನಾ ಹದಿನೈದು ಆ್ಯಪ್ ಕ್ಲೋಸ್ ಮಾಡಿ ಉಳಿಸಿದ್ದೇನೂ ಇಲ್ಲ.

ಮನೆಯಲ್ಲಿ ಹಿರಿಯರು ಇದ್ರೆ, ಟ್ಯಾಬ್ ಅಥವಾ ಫೋನಿನ ಗಂಟೆ ನಂಬಿ ಗುಳಿಗೆ ತಗೋತಿದ್ರೆ, ನಾನು ಆ ಭಾನುವಾರ ಮಾಡಿದ್ದನ್ನ ಹೇಳ್ತೀನಿ.

ಒಂದು, ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಮಿತಿ ತೆಗೆದುಹಾಕಿದೆ. ಅದು ಯಾವಾಗ ಬೇಕಾದ್ರೂ ಏಳಬಹುದು ಅಂತ ಸಿಸ್ಟಮ್‌ಗೆ ಹೇಳಿದ ಹಾಗೆ.

ಎರಡು, ಹೊಸ ಆ್ಯಂಡ್ರಾಯ್ಡ್‌ಗಳಲ್ಲಿ ಸರಿಯಾದ ಸಮಯಕ್ಕೆ ಅಲಾರಂ ಇಡೋಕೆ ಬೇರೆಯೇ ಅನುಮತಿ ಬೇಕು. ಆ ಆ್ಯಪ್‌ಗೆ ಅಲಾರಂ ಮತ್ತು ರಿಮೈಂಡರ್ ಅನುಮತಿ ಇದೆಯಾ ಅಂತ ನೋಡಿದೆ.

ಮೂರು, ಕಾರ್ಡ್‌ಗಳ ಪರದೆಯಲ್ಲಿ ಆ ಆ್ಯಪ್‌ಗೆ ಬೀಗ ಹಾಕಿದೆ. ಕೆಲವು ಕಂಪನಿಗಳ ಟ್ಯಾಬ್‌ನಲ್ಲಿ ಕಾರ್ಡನ್ನ ಒತ್ತಿ ಹಿಡಿದ್ರೆ ಬೀಗದ ಗುರುತು ಬರ್ತದೆ. ಬೀಗ ಹಾಕಿದ್ರೆ 'ಕ್ಲಿಯರ್ ಆಲ್' ಒತ್ತಿದ್ರೂ ಅದು ಹೋಗಲ್ಲ.

ನಾಲ್ಕು, ಟ್ಯಾಬ್ ಜೊತೆಗೇ ಬಂದಿರೋ ಗಡಿಯಾರದ ಆ್ಯಪ್‌ನಲ್ಲಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಇನ್ನೊಂದು ಅಲಾರಂ ಇಟ್ಟೆ. ಕಂಪನಿಯವರು ತಮ್ಮದೇ ಗಡಿಯಾರವನ್ನ ಸಾಮಾನ್ಯವಾಗಿ ಮುಟ್ಟಲ್ಲ.

ಐದನೇದು ಸಾಫ್ಟ್‌ವೇರ್ ಅಲ್ಲ. ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ವಾರದ ಏಳು ದಿನಕ್ಕೆ ಏಳು ಖಾನೆ ಇರೋ ಪ್ಲಾಸ್ಟಿಕ್ ಡಬ್ಬಿ ತಂದೆ. ಖಾನೆ ಖಾಲಿ ಇಲ್ಲ ಅಂದ್ರೆ ಗುಳಿಗೆ ತಗೊಂಡಿಲ್ಲ ಅಂತ ಯಾರು ಬೇಕಾದ್ರೂ ನೋಡಿ ಹೇಳಬಹುದು, ಹತ್ತು ಗಂಟೆಗೆ ಮನೆಗೆ ಬರೋ ನಾನೂ ಕೂಡ. ಆರು ರಾತ್ರಿ ನಾನು ಆ ಡಬ್ಬಿ ಮುಂದೆಯೇ ಓಡಾಡಿದ್ದೆ, ಒಂದು ಸಲಾನೂ ನೋಡಿರಲಿಲ್ಲ. ಆ್ಯಪ್ ಇದೆಯಲ್ಲ ಅನ್ನೋ ಧೈರ್ಯ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅಪ್ಪನಿಗೆ ಕ್ಲೋಸ್ ಮಾಡಬೇಡಿ ಅಂತ ಹೇಳೋದು. ಮೊದಲು ನಂಬಲಿಲ್ಲ. "ಅವತ್ತ ಬಂದ್ ಮಾಡು ಅಂದಿ, ಇವತ್ತ ಮಾಡಬ್ಯಾಡ ಅಂತಿ. ಯಾವುದು ಖರೆ?" ಅಂದ್ರು. ನ್ಯಾಯವಾದ ಪ್ರಶ್ನೆ. ಈ ಸಲ ಬೆರಳು ಹಿಡಿದು ತೋರಿಸಲಿಲ್ಲ. ಪಕ್ಕದಲ್ಲಿ ಕೂತು ಹಾಸ್ಟೆಲ್ ಕಥೆ ಹೇಳಿದೆ, ಈಗ ನಿಮಗೆ ಹೇಳಿದ ಹಾಗೇ. ಅಪ್ಪ ಪೂರ್ತಿ ಕೇಳಿ ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು: "ಅಂದ್ರ ಕಾರ್ಡ್ ಇದ್ರ ಹುಡುಗ ಮಲಗಿರಬಹುದು, ಇಲ್ಲಾ ಊರಿಗೆ ಹೋಗಿರಬಹುದು. ಹಾಜರಿ ಪುಸ್ತಕದಾಗ ಹೆಸರು ಅದ, ಅಷ್ಟೇ. ಹೌದೇನು?" ಮೂವತ್ತೈದು ವರ್ಷ ಹಾಜರಿ ತಗೊಂಡವರಿಗೆ ಅದಕ್ಕಿಂತ ಹೆಚ್ಚು ಹೇಳೋದು ಬೇಕಿರಲಿಲ್ಲ. ಅವತ್ತಿನಿಂದ ಅಪ್ಪ ರಾತ್ರಿ ಗ್ಯಾಸ್ ಆಫ್ ಮಾಡ್ತಾರೆ, ಬಾಗಿಲ ಚಿಲಕ ಎರಡು ಸಲ ನೋಡ್ತಾರೆ, ಟ್ಯಾಬ್‌ನ ಕವರ್ ಮುಚ್ಚಿಡ್ತಾರೆ. ಕಾರ್ಡ್ ಮುಟ್ಟಲ್ಲ.

ಇಲ್ಲಿಂದ ಹೋದ ಮೇಲೆ ಒಂದು ಕೆಲಸ ಮಾಡ್ತೀರಾ? ನಿಮ್ಮ ಅಪ್ಪ ಅಮ್ಮನ ಫೋನ್ ಅಥವಾ ಟ್ಯಾಬ್ ತಗೊಳ್ಳಿ. ಎರಡು ನಿಮಿಷ ಬಿಟ್ಟು ಒಂದು ರಿಮೈಂಡರ್ ಇಡಿ. ಅವರು ದಿನಾ ಹೇಗೆ ಕ್ಲೋಸ್ ಮಾಡ್ತಾರೋ ಹಾಗೇ ಅವರ ಕೈಯಿಂದಲೇ ಮಾಡಿಸಿ. ಆಮೇಲೆ ಪಕ್ಕದಲ್ಲೇ ಕೂತು ಕಾಯಿರಿ, ಗಂಟೆ ಆಗ್ತದಾ ಅಂತ. ಊರಲ್ಲಿ ಇದ್ರೆ ಫೋನ್ ಮಾಡಿ ಮಾಡಿಸಿ. ಆಗಲಿಲ್ಲ ಅಂದ್ರೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತಿದೆ. ಆಯಿತು ಅಂದ್ರೂ ಡಬ್ಬಿ ತೆಗೆದು ಗುಳಿಗೆ ಒಮ್ಮೆ ಎಣಿಸಿ.